ಮಾಸ್ಟರ್ಸ್ ಈಜು ಕೂಟಕ್ಕೆ ಎಂಟ್ರಿ ಟೈಮ್ ಎಷ್ಟು ಬರೆಯಬೇಕು? ಅನುಭವ ಇರುವವರು ತಿಳಿಸಿ

ಕೇಳಿದವರು: ಮೈಸೂರಿನ ಈಜುಗಾರ್ತಿ, 40–44 ವಯೋವರ್ಗ

ಕಾಲೇಜಿನ ನಂತರ ಬಿಟ್ಟುಹೋಗಿದ್ದ ಈಜನ್ನು ಮತ್ತೆ ಹಿಡಿದು, ಈಗ ಒಂದು ಮಾಸ್ಟರ್ಸ್ (ವಯಸ್ಕರ) ಕೂಟಕ್ಕೆ 100 ಮತ್ತು 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಹೆಸರು ಕೊಡುತ್ತಿದ್ದೇನೆ. ಅರ್ಜಿಯಲ್ಲಿ ಎಂಟ್ರಿ ಟೈಮ್, ಅಂದರೆ ಆ ದೂರವನ್ನು ಎಷ್ಟು ಹೊತ್ತಿನಲ್ಲಿ ಈಜುತ್ತೇನೆ ಎಂಬುದನ್ನು ಕೇಳಿದ್ದಾರೆ. ಅದನ್ನು ನೋಡಿ ನಮ್ಮನ್ನು ಹೀಟ್‌ಗಳಾಗಿ (ಒಟ್ಟಿಗೆ ಈಜುವ ಗುಂಪುಗಳಾಗಿ) ವಿಂಗಡಿಸುತ್ತಾರೆ. ನನ್ನ ಬಳಿ ಇರುವುದು 25 ಮೀಟರ್ ಕೊಳದಲ್ಲಿ ಗೋಡೆ ಒದ್ದು ಹೊರಟಾಗ ತರಬೇತುದಾರರು ಸ್ಟಾಪ್‌ವಾಚ್‌ನಲ್ಲಿ ಹಿಡಿದ ಸಮಯ ಮಾತ್ರ. ಕೂಟ ನಡೆಯುವುದು 50 ಮೀಟರ್ ಕೊಳದಲ್ಲಿ. ಜೊತೆಗೆ ಈಜುವವರಲ್ಲಿ ಒಬ್ಬರು, ‘ಹತ್ತು ಸೆಕೆಂಡು ಹೆಚ್ಚಿಗೆ ಬರೆಯಿರಿ, ನಿಧಾನದ ಹೀಟ್‌ನಲ್ಲಿ ಮೊದಲಿಗರಾಗುತ್ತೀರಿ’ ಎನ್ನುತ್ತಾರೆ. ಇನ್ನೊಬ್ಬರು, ‘ಕಡಿಮೆ ಬರೆಯಿರಿ, ವೇಗದವರ ಪಕ್ಕದಲ್ಲಿದ್ದರೆ ಸಮಯ ತಾನಾಗಿ ಇಳಿಯುತ್ತದೆ’ ಎನ್ನುತ್ತಾರೆ. ಯಾರೂ ಪರಿಶೀಲಿಸದ ಅಂಕಿಯ ಮೇಲೆ ಹೀಟ್ ಕಟ್ಟುವುದು ನ್ಯಾಯವೇ? ನಾನು ಏನು ಬರೆಯಲಿ?

ಬೆಂಗಳೂರು, ಕೂಟಗಳಲ್ಲಿ ತಾಂತ್ರಿಕ ಅಧಿಕಾರಿ

ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಮೊದಲು ತಿಳಿದರೆ ನಿಮ್ಮ ಆತಂಕ ಅರ್ಧ ಕಡಿಮೆಯಾದೀತು. ಮಾಸ್ಟರ್ಸ್ ಸ್ಪರ್ಧೆಗಳಲ್ಲಿ ಪ್ರತ್ಯೇಕ ಫೈನಲ್ ಇರುವುದಿಲ್ಲ. ಎಲ್ಲ ಹೀಟ್‌ಗಳ ಸಮಯವನ್ನೂ ಒಟ್ಟುಗೂಡಿಸಿ, ಐದೈದು ವರ್ಷದ ವಯೋವರ್ಗಗಳಾಗಿ ವಿಂಗಡಿಸಿ ಸ್ಥಾನ ಕೊಡಲಾಗುತ್ತದೆ. ವಯಸ್ಸನ್ನು ಲೆಕ್ಕ ಹಾಕುವುದು ಆ ವರ್ಷದ ಡಿಸೆಂಬರ್ 31ಕ್ಕೆ. ಆದ್ದರಿಂದ ನಿಧಾನದ ಹೀಟ್‌ನಲ್ಲಿ ಮೊದಲು ಗೋಡೆ ಮುಟ್ಟಿದವರಿಗೆ ಚಪ್ಪಾಳೆ ಸಿಕ್ಕೀತೇ ಹೊರತು ಅಷ್ಟಕ್ಕೇ ಪದಕ ಸಿಗುವುದಿಲ್ಲ.

ಅಂತರರಾಷ್ಟ್ರೀಯ ಈಜು ಸಂಸ್ಥೆಯಾದ ವರ್ಲ್ಡ್ ಅಕ್ವಾಟಿಕ್ಸ್‌ನ ನಿಯಮದ ಪ್ರಕಾರ ಸೀಡಿಂಗ್‌ಗೆ (ಹೀಟ್ ಮತ್ತು ಲೇನ್ ಹಂಚಿಕೆಗೆ) ಆಧಾರವಾಗಬೇಕಾದದ್ದು ಘೋಷಿತ ಅವಧಿಯೊಳಗೆ ಸ್ಪರ್ಧೆಯಲ್ಲಿ ಈಜಿದ ಅತ್ಯುತ್ತಮ ಸಮಯ. ಅಧಿಕೃತ ಸಮಯ ಕೊಡದವರನ್ನು ಅತಿ ನಿಧಾನದವರೆಂದು ಪರಿಗಣಿಸಿ ಪಟ್ಟಿಯ ಕೊನೆಗೆ ಹಾಕಲಾಗುತ್ತದೆ. ಅಂಥವರು ಹಲವರಿದ್ದರೆ, ಅಥವಾ ಇಬ್ಬರ ಸಮಯ ಒಂದೇ ಆಗಿದ್ದರೆ ಚೀಟಿ ಎತ್ತುವುದು. ಎಂಟು ಲೇನ್‌ಗಳ ಕೊಳದಲ್ಲಿ ಹೀಟ್‌ನ ಅತಿ ವೇಗದವರಿಗೆ 4ನೇ ಲೇನ್, ನಂತರದವರಿಗೆ ಕ್ರಮವಾಗಿ 5, 3, 6, 2, 7, 1 ಮತ್ತು 8. ನಾವು ಕಂಪ್ಯೂಟರಿಗೆ ತುಂಬುವುದು ನೀವು ಬರೆದ ಅಂಕಿಯನ್ನೇ. ಅದು ಕಳೆದ ತಿಂಗಳ ಸಮಯವೋ, ಹದಿನೈದು ವರ್ಷ ಹಿಂದಿನದೋ, ಬರೀ ಆಸೆಯೋ ಎಂದು ಆ ತಂತ್ರಾಂಶಕ್ಕೆ ತಿಳಿಯುವುದಿಲ್ಲ. ‘ಎನ್‌ಟಿ’ (ನೋ ಟೈಮ್, ಸಮಯವಿಲ್ಲ) ಎಂದು ಬರೆದು ಕೈತೊಳೆದುಕೊಳ್ಳುವವರೂ ಬಹಳ ಮಂದಿ ಇದ್ದಾರೆ. ಮೊದಲ ಬಾರಿಗೆ ಬರುವವರ ವಿಷಯದಲ್ಲಿ ಅದು ಸರಿ. ಪ್ರತಿ ವರ್ಷ ಬರುವವರು ಹಾಗೆ ಬರೆದಾಗ, ಆ ದಿನ ನಿಜಕ್ಕೂ ಮೊದಲ ಸಲ ಬಂದಿರುವ ಅರವತ್ತರ ಹಿರಿಯರೊಬ್ಬರ ಪಕ್ಕದ ಲೇನ್‌ನಲ್ಲಿ ನಿಂತು ಅವರಿಗಿಂತ ಕೊಳದ ಇಡೀ ಒಂದು ಉದ್ದದಷ್ಟು ಮುಂದೆ ಹೋಗುತ್ತಾರೆ. ಇದನ್ನು ನಾನು ಅಪರಾಧವೆನ್ನಲಾರೆ, ಆದರೆ ಸಭ್ಯತೆಯೂ ಅಲ್ಲ.

ಹುಬ್ಬಳ್ಳಿ, 45–49 ವಯೋವರ್ಗ

ಸುಳ್ಳು ಸಮಯದಿಂದ ಯಾರಿಗೂ ನಷ್ಟವಿಲ್ಲ, ಗಡಿಯಾರ ಎಲ್ಲರಿಗೂ ಒಂದೇ ಎನ್ನುವವರಿಗೆ ನನ್ನ ಅನುಭವವನ್ನು ಹೇಳಬೇಕಿದೆ. ನನ್ನ 100 ಮೀಟರ್ ಸ್ಪರ್ಧೆಗೆ ಹದಿನಾರು ಜನ, ಎಂಟು ಲೇನ್, ಎರಡು ಹೀಟ್. ನಾನು ಬರೆದದ್ದು 1 ನಿಮಿಷ 12 ಸೆಕೆಂಡು. ಆ ಲೆಕ್ಕದಲ್ಲಿ ನಾನು ವೇಗದ ಹೀಟ್‌ನ ಎಂಟನೆಯವನು. ಆದರೆ 1 ನಿಮಿಷ 25 ಸೆಕೆಂಡಿನ ಆಸುಪಾಸಿನಲ್ಲಿ ಈಜುವ ಒಬ್ಬರು 1 ನಿಮಿಷ 8 ಸೆಕೆಂಡು ಎಂದು ಬರೆದಿದ್ದರಿಂದ ನಾನು ಒಂಬತ್ತನೆಯವನಾಗಿ ನಿಧಾನದ ಹೀಟ್‌ನ 4ನೇ ಲೇನ್‌ಗೆ ಇಳಿದೆ. ಮೊದಲ ಐವತ್ತು ಮೀಟರ್ ಮುಗಿಯುವ ಹೊತ್ತಿಗೇ ಅಕ್ಕಪಕ್ಕದಲ್ಲಿ ಯಾರೂ ಇರಲಿಲ್ಲ. ಕೊನೆಯ ಹದಿನೈದು ಮೀಟರ್‌ನಲ್ಲಿ ತೋಳು ಕಲ್ಲಾದಾಗ ಮನುಷ್ಯ ಈಜುವುದು ಪಕ್ಕದವನ ಕೈ ಕಾಣುತ್ತದೆ ಎಂಬ ಕಾರಣಕ್ಕೆ. ನನಗೆ ಕಾಣುತ್ತಿದ್ದದ್ದು ನೀಲಿ ಟೈಲ್ಸ್ ಮಾತ್ರ. ಹೀಟ್ ಗೆದ್ದೆ. ಫಲಿತಾಂಶದ ಹಾಳೆಯಲ್ಲಿ ಮೂರನೇ ಸ್ಥಾನದವರಿಗಿಂತ ಸೆಕೆಂಡಿನ ಎರಡು ದಶಾಂಶದಷ್ಟು ಹಿಂದಿದ್ದೆ, ಅವರು ಈಜಿದ್ದು ವೇಗದ ಹೀಟ್‌ನಲ್ಲಿ.

ಜೊತೆಗೆ ಈಜಿದ್ದರೆ ಗೆಲ್ಲುತ್ತಿದ್ದೆ ಎಂದು ನಾನು ವಾದಿಸುತ್ತಿಲ್ಲ. ಅವರೂ ನನ್ನನ್ನು ನೋಡಿ ಇನ್ನಷ್ಟು ವೇಗವಾಗಿ ಹೋಗುತ್ತಿದ್ದರೋ ಏನೋ. ಆದರೆ ಸ್ಪರ್ಧಿಸುವ ಅವಕಾಶ ನಮ್ಮಿಬ್ಬರಿಗೂ ತಪ್ಪಿತು, ತಪ್ಪಿಸಿದವರಿಗೆ ಅದರಿಂದ ಏನೂ ಸಿಗಲಿಲ್ಲ. ಅವರು ತಮ್ಮ ಹೀಟ್‌ನಲ್ಲಿ ಎಲ್ಲರಿಗಿಂತ ಬಹಳ ಹಿಂದೆ ಉಳಿದರು.

ಮಂಗಳೂರು, ವಯಸ್ಕರ ತರಬೇತುದಾರ

ನಿಮ್ಮ ಅಂಕಿಯನ್ನು ಹೇಗೆ ಕಂಡುಕೊಳ್ಳಬೇಕು ಎಂಬುದಕ್ಕೆ ಬರೋಣ. 25 ಮೀಟರ್ ಕೊಳದಲ್ಲಿ 100 ಮೀಟರ್‌ಗೆ ಮೂರು ತಿರುವು, 50 ಮೀಟರ್ ಕೊಳದಲ್ಲಿ ಒಂದೇ. 400ಕ್ಕೆ ಹದಿನೈದು ಮತ್ತು ಏಳು. 1500ಕ್ಕಾದರೆ ಐವತ್ತೊಂಬತ್ತು ಮತ್ತು ಇಪ್ಪತ್ತೊಂಬತ್ತು. ಪ್ರತಿ ತಿರುವಿನಲ್ಲೂ ಗೋಡೆ ಒದ್ದು ಚಿಮ್ಮುವ ವೇಗ ಸಿಗುವುದರಿಂದ ಚಿಕ್ಕ ಕೊಳದ ಸಮಯ ಕಡಿಮೆ ಬರುತ್ತದೆ, ಇಷ್ಟು ಎಲ್ಲರಿಗೂ ಗೊತ್ತು. ಆದರೆ ಇಂಟರ್‌ನೆಟ್ಟಿನಲ್ಲಿ ಸಿಗುವ ಪರಿವರ್ತನೆ ಕೋಷ್ಟಕಗಳನ್ನು ನಂಬಿ ಕೂರಬೇಡಿ. ಅವು ಪಲ್ಟಿ ಹೊಡೆದು ನೀರಿನಡಿಯಲ್ಲಿ ಡಾಲ್ಫಿನ್ ಕಿಕ್‌ನಲ್ಲಿ (ಎರಡೂ ಕಾಲನ್ನು ಒಟ್ಟಿಗೆ ಬಡಿಯುತ್ತ) ಸಾಗುವ ಯುವ ಈಜುಗಾರರಿಗೆ ಹೊಂದುವಂಥವು. ಗೋಡೆಯನ್ನು ಕೈಯಲ್ಲಿ ಹಿಡಿದು, ಉಸಿರು ತೆಗೆದುಕೊಂಡು, ತಿರುಗಿ ಹೊರಡುವ ನಮ್ಮಂಥವರಿಗೆ ತಿರುವಿನಿಂದ ವೇಗದ ಲಾಭ ಕಡಿಮೆ, ಅಲ್ಲಿ ಸಿಗುವ ಕ್ಷಣದ ವಿಶ್ರಾಂತಿಯ ಲಾಭವೇ ಹೆಚ್ಚು. ದೊಡ್ಡ ಕೊಳದಲ್ಲಿ ಆ ವಿಶ್ರಾಂತಿ ತಪ್ಪಿದಾಗ 100 ಮೀಟರ್‌ನಲ್ಲಿ ಅಷ್ಟೇನೂ ಗೊತ್ತಾಗದು; 400ರ ಎರಡನೆಯ ಅರ್ಧದಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ. ಇನ್ನು ಅಪಾರ್ಟ್‌ಮೆಂಟ್ ಕೊಳದ ಸಮಯವನ್ನು ಅರ್ಜಿಗೆ ತರಲೇಬೇಡಿ. ಅವುಗಳಲ್ಲಿ ಎಷ್ಟೋ ಕೊಳಗಳ ಉದ್ದ 25 ಮೀಟರ್ ಇರುವುದೇ ಇಲ್ಲ.

ಸ್ಟಾಪ್‌ವಾಚ್‌ಗೂ ಒಂದು ಗುಣವಿದೆ. ಹಿಡಿಯುವವರು ಶಬ್ದ ಕೇಳಿದ ಮೇಲೆ ಗುಂಡಿ ಒತ್ತುತ್ತಾರೆ, ಆದರೆ ಮುಗಿಸುವವರು ಹತ್ತಿರ ಬರುವುದನ್ನು ನೋಡುತ್ತಲೇ ಇರುವುದರಿಂದ ಅಲ್ಲಿ ತಡಮಾಡುವುದಿಲ್ಲ. ಹೀಗಾಗಿ ಸ್ಟಾಪ್‌ವಾಚ್‌ನಲ್ಲಿ ಕೈಯಿಂದ ಹಿಡಿದ ಸಮಯ ಎಲೆಕ್ಟ್ರಾನಿಕ್ ಸಮಯಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಇನ್ನೊಂದು ಕಡೆ, ನೀವು ಗೋಡೆ ಒದ್ದು ಹೊರಟಿದ್ದೀರಿ. ಕಟ್ಟೆಯಿಂದ ಧುಮುಕಿದರೆ ಒಂದೆರಡು ಸೆಕೆಂಡು ಉಳಿಯುತ್ತದೆ. ಸಾಧ್ಯವಿದ್ದರೆ ಕೂಟಕ್ಕೆ ಮೊದಲು ಒಂದು ಭಾನುವಾರ 50 ಮೀಟರ್ ಕೊಳಕ್ಕೆ ಹೋಗಿ, ಬಸವನಗುಡಿಯದೋ ನಮ್ಮ ಎಮ್ಮೆಕೆರೆಯದೋ, ಚೆನ್ನಾಗಿ ಮೈ ಬಿಸಿಮಾಡಿಕೊಂಡು, ಧುಮುಕಿ, 100 ಮೀಟರನ್ನು ಪೂರ್ತಿ ಜೋರಿನಲ್ಲಿ ಈಜಿ. ಆ ಅಂಕಿಯನ್ನೇ ಬರೆಯಿರಿ. 400ಕ್ಕೆ ಅದನ್ನು ನಾಲ್ಕರಿಂದ ಗುಣಿಸಬೇಡಿ: 1 ನಿಮಿಷ 30 ಸೆಕೆಂಡಿನಲ್ಲಿ 100 ಮುಗಿಸುವ ನಲವತ್ತರ ಪ್ರಾಯದವರು 400ಕ್ಕೆ 6 ನಿಮಿಷ 40 ಸೆಕೆಂಡಿನ ಆಚೀಚೆ ಬರುವುದನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ, 6 ನಿಮಿಷವನ್ನಲ್ಲ.

ನ್ಯೂಜೆರ್ಸಿಯಲ್ಲಿ ನೆಲೆಸಿರುವ ದಾವಣಗೆರೆಯವರು, 50–54 ವಯೋವರ್ಗ

ಇಲ್ಲಿ ಅಮೆರಿಕದಲ್ಲಿ ಸಂಘಟಿತ ಮಾಸ್ಟರ್ಸ್ ಈಜು 1970ರಿಂದ ನಡೆಯುತ್ತಿದೆ, ಗೊಂದಲಗಳೂ ಅಷ್ಟೇ ಹಳೆಯವು. ನಮ್ಮ ಹೆಚ್ಚಿನ ಕೊಳಗಳು 25 ಗಜದವು, ಅಂದರೆ 22.86 ಮೀಟರ್. ಗಜದ ಕೊಳದಲ್ಲಿ ಈಜಿದ 100ರ ಸಮಯವನ್ನು ಹಾಗೆಯೇ ಮೀಟರ್ ಕೂಟಕ್ಕೆ ಬರೆದವರು ತಮಗೆ ಸಲ್ಲದ ಹೀಟ್‌ನಲ್ಲಿ ನಿಂತಿರುತ್ತಾರೆ; ಅದರಲ್ಲಿ ದುರುದ್ದೇಶವೇನೂ ಇರುವುದಿಲ್ಲ. ಪಟ್ಟಿಯಲ್ಲಿ ಕಾಣುವ ವಿಚಿತ್ರ ಸಮಯಗಳಲ್ಲಿ ಬಹುಪಾಲು ಇಂಥವೇ ಎಂದು ನನ್ನ ಅಂದಾಜು, ಆದ್ದರಿಂದ ಪಕ್ಕದವರನ್ನು ಮೋಸಗಾರರೆಂದು ಕರೆಯುವ ಮೊದಲು ಎರಡು ಸಲ ಯೋಚಿಸುವುದು ಒಳ್ಳೆಯದು.

ಇಲ್ಲಿನ ಒಂದು ಅನುಕೂಲವೆಂದರೆ ಹಳೆಯ ಫಲಿತಾಂಶಗಳು ಎಲ್ಲರಿಗೂ ಸಿಗುವಂತೆ ಆನ್‌ಲೈನ್‌ನಲ್ಲಿವೆ. ನೀವು ಕಳೆದ ವರ್ಷ ಎಷ್ಟರಲ್ಲಿ ಈಜಿದಿರಿ ಎಂದು ಯಾರು ಬೇಕಾದರೂ ನೋಡಬಹುದಾದ ಕಡೆ ಸುಳ್ಳು ಬರೆಯಲು ನಾಚಿಕೆಯಾಗುತ್ತದೆ. ದಂಡಕ್ಕಿಂತ ಇದು ಪರಿಣಾಮಕಾರಿ. ದೂರದ ಸ್ಪರ್ಧೆಗಳಿಗೆ ಎಷ್ಟೋ ಕಡೆ ಮುಂಚಿತ ಪಟ್ಟಿಯನ್ನೇ ನೆಚ್ಚದೆ, ಆ ದಿನ ಬಂದು ಹಾಜರಿ ಹಾಕಿದವರನ್ನು ಮಾತ್ರ ಸೇರಿಸಿ ಕೊಳದ ಬದಿಯಲ್ಲೇ ಹೀಟ್ ಕಟ್ಟುತ್ತಾರೆ. ಬಾರದವರ ಖಾಲಿ ಲೇನ್‌ಗಳು ಉಳಿಯುವುದಿಲ್ಲ.

ಧಾರವಾಡ, 65–69 ವಯೋವರ್ಗ

ಎಲ್ಲರೂ ಸಮಯದ ಸತ್ಯಾಸತ್ಯವನ್ನೇ ಚರ್ಚಿಸುತ್ತಿದ್ದೀರಿ. ನನ್ನ ಪ್ರಶ್ನೆ ಬೇರೆ: ಎಲ್ಲರೂ ನಿಜವನ್ನೇ ಬರೆದರೂ ಯಾರನ್ನು ಯಾರ ಪಕ್ಕ ನಿಲ್ಲಿಸಬೇಕು? ಎರಡು ಪದ್ಧತಿಗಳಿವೆ. ವಿಶ್ವ ಮಾಸ್ಟರ್ಸ್ ಕೂಟದಲ್ಲಿರುವಂತೆ ವಯೋವರ್ಗದ ಪ್ರಕಾರ ಹೀಟ್ ಕಟ್ಟಿ, ಒಂದೊಂದು ವರ್ಗದೊಳಗೂ ನಿಧಾನದವರಿಂದ ವೇಗದವರ ಕಡೆಗೆ ಹೋಗುವುದು ಒಂದು. ವಯಸ್ಸನ್ನು ನೋಡದೆ, ಕೆಲವೊಮ್ಮೆ ಹೆಂಗಸರು ಗಂಡಸರೆಂದೂ ನೋಡದೆ, ಸಮಯವನ್ನಷ್ಟೇ ಹಿಡಿದು ಕಟ್ಟುವುದು ಇನ್ನೊಂದು. ಚಿಕ್ಕ ಕೂಟಗಳಲ್ಲಿ ಎರಡನೆಯದು ಅನಿವಾರ್ಯ. ಒಂದು ವಯೋವರ್ಗದಲ್ಲಿ ಇಬ್ಬರೇ ಇದ್ದರೆ ಅವರಿಗಾಗಿ ಆರು ಲೇನ್ ಖಾಲಿ ಬಿಡಲು ಸಾಧ್ಯವಿಲ್ಲ, ಯಾರೂ ಒಬ್ಬರೇ ಈಜುವಂತಾಗದಿರಲಿ ಎಂದು ವರ್ಗಗಳನ್ನು ಸೇರಿಸಲು ನಿಯಮವೂ ಅವಕಾಶ ಕೊಡುತ್ತದೆ.

ಸಮಯದ ಪದ್ಧತಿಯಲ್ಲಿ ನನ್ನ ನೇರ ಪ್ರತಿಸ್ಪರ್ಧಿ, ಅಂದರೆ ನನ್ನದೇ ವಯೋವರ್ಗದವರು, ಬೇರೆ ಹೀಟ್‌ನಲ್ಲಿರುತ್ತಾರೆ. ಅವರು ಮೊದಲು ಈಜಿದರೆ ಅವರ ಸಮಯ ನನಗೆ ಗೊತ್ತಿರುತ್ತದೆ, ನನ್ನದು ಅವರಿಗೆ ಗೊತ್ತಿರುವುದಿಲ್ಲ. ಇದು ಚಿಕ್ಕ ಸಂಗತಿಯಲ್ಲ: ಬೋರ್ಡಿನಲ್ಲಿ ಒಂದು ಅಂಕಿಯನ್ನು ನೋಡಿಕೊಂಡು ನೀರಿಗಿಳಿದವನ ಮನಸ್ಸೇ ಬೇರೆ. ವಯೋವರ್ಗದ ಪದ್ಧತಿಯಲ್ಲಿ ಈ ಅನ್ಯಾಯ ಕಡಿಮೆ, ಆದರೆ ನಮ್ಮ ವಯಸ್ಸಿನಲ್ಲಿ ಒಂದೇ ವರ್ಗದ ಮೊದಲಿಗರಿಗೂ ಕೊನೆಯವರಿಗೂ ನಡುವೆ 100 ಮೀಟರ್‌ನಲ್ಲೇ ಒಂದು ನಿಮಿಷದ ಅಂತರವಿರಬಹುದು. ಕೊನೆಯವರು ಮುಗಿಸುವವರೆಗೆ ಎಲ್ಲರೂ ಲೇನ್ ಹಗ್ಗ ಹಿಡಿದು ನೀರಿನಲ್ಲೇ ಕಾಯುತ್ತಿರುತ್ತಾರೆ. ಆ ಕೊನೆಯವರಿಗೆ ಅದರಿಂದಾಗುವ ಮುಜುಗರವನ್ನು ಕೆಲವರು ಕೂಟಕ್ಕೇ ಬರದೆ ತಪ್ಪಿಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ 50 ಮತ್ತು 100 ಮೀಟರ್‌ಗೆ ವಯೋವರ್ಗದ ಹೀಟ್, 400 ಮತ್ತು ಅದರಾಚೆಗೆ ಸಮಯದ ಹೀಟ್ ಇರಬೇಕು. ಜನ ಕಡಿಮೆಯಿದ್ದ ಕಡೆ ಸಂಘಟಕರು ತಮ್ಮ ವಿವೇಚನೆಯಿಂದ ಬೆರೆಸಲಿ.

ಬೆಂಗಳೂರು, 30–34 ವಯೋವರ್ಗ

ಅಂಚಿನ ಲೇನ್ ಸಿಕ್ಕಿತೆಂದು ಅಳುವವರಿಗೆ ಒಂದು ಮಾತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಕೀರನ್ ಪರ್ಕಿನ್ಸ್ ಕೊನೆಯವರಾಗಿ ಫೈನಲ್ ತಲುಪಿ, 8ನೇ ಲೇನ್‌ನಿಂದಲೇ 1500 ಮೀಟರ್ ಗೆದ್ದರು. ಟೋಕಿಯೊದಲ್ಲಿ, 2021ರ ಜುಲೈನಲ್ಲಿ, ಟ್ಯುನೀಷಿಯಾದ ಅಹ್ಮದ್ ಹಫ್ನಾವಿ ಅದೇ 8ನೇ ಲೇನ್‌ನಿಂದ 400 ಮೀಟರ್ ಫ್ರೀಸ್ಟೈಲ್ ಚಿನ್ನ ಪಡೆದರು, ಆಗ ಅವರಿಗೆ ಹದಿನೆಂಟು ವರ್ಷ.

ಮಂಗಳೂರು, ವಯಸ್ಕರ ತರಬೇತುದಾರ (ಮೇಲಿನವರಿಗೆ ಉತ್ತರ)

ಅವರಿಬ್ಬರೂ ಫೈನಲ್‌ನಲ್ಲಿ ತಮ್ಮ ಎಲ್ಲ ಎದುರಾಳಿಗಳ ಜೊತೆಯಲ್ಲೇ ಈಜುತ್ತಿದ್ದರು ಎಂಬುದನ್ನು ಮರೆಯಬೇಡಿ. ನಮ್ಮ ತೊಂದರೆ ಲೇನ್‌ನದಲ್ಲ, ಹೀಟ್‌ನದು. ಅಲ್ಲದೆ ನಮ್ಮ ಹಳೆಯ ಕೊಳಗಳಲ್ಲಿ ನೀರು ಅಂಚಿನ ಮೇಲೆ ಹರಿದು ಹೋಗದೆ ಗೋಡೆಗೆ ಬಡಿದು ಹಿಂದಕ್ಕೆ ಬರುತ್ತದೆ; ಅಲ್ಲಿ 1 ಮತ್ತು 8ನೇ ಲೇನ್‌ನವರು ಅಲೆ ಕುಡಿಯುವುದು ನಿಜ.

ಉಡುಪಿ, ಕೂಟ ಸಂಘಟನೆಯಲ್ಲಿ ಕೈಜೋಡಿಸುವವರು

400 ಮೀಟರ್‌ಗೂ ಹೆಸರು ಕೊಡುತ್ತಿದ್ದೀರಿ, ಆದ್ದರಿಂದ ನಮ್ಮ ಕಡೆಯ ಲೆಕ್ಕವನ್ನೂ ನೋಡಿ. ಒಂದು ಹೀಟ್ ಮುಗಿಯುವುದು ಅದರ ಅತಿ ನಿಧಾನದವರು ಮುಗಿಸಿದಾಗ. 800 ಮೀಟರ್‌ಗೆ ನಲವತ್ತು ಜನ ಬಂದರೆ ಐದು ಹೀಟ್. 12 ನಿಮಿಷದವರ ಹೀಟ್‌ನಲ್ಲಿ 18 ನಿಮಿಷದವರು ಒಬ್ಬರಿದ್ದರೆ ಆರು ನಿಮಿಷ ಹೋಯಿತು. ಐದು ಹೀಟ್‌ಗಳಲ್ಲೂ ಹೀಗಾದರೆ ಅರ್ಧ ಗಂಟೆ, ಮುಂದಿನ ಸ್ಪರ್ಧೆಯವರು ಮೈ ಬಿಸಿಮಾಡಿಕೊಂಡು ಮತ್ತೆ ತಣ್ಣಗಾಗುವಷ್ಟು ಹೊತ್ತು. ನಿಧಾನದವರನ್ನು ದೂರುತ್ತಿಲ್ಲ, 18 ನಿಮಿಷವೆಂದೇ ಬರೆದಿದ್ದರೆ ಅವರಿಗೆ ಜೊತೆಗಾರರನ್ನು ನಾವೇ ಹುಡುಕಿಕೊಡುತ್ತಿದ್ದೆವು. ಮಾಸ್ಟರ್ಸ್ ನಿಯಮದಲ್ಲಿ 400, 800 ಮತ್ತು 1500ಕ್ಕೆ ಒಂದೇ ಲೇನ್‌ನಲ್ಲಿ ಇಬ್ಬರನ್ನು ಬಿಡಲೂ ಅವಕಾಶವಿದೆ. ಹಾಗೆ ಬಿಟ್ಟಾಗ ಒಬ್ಬರ ಅಂಕಿ ಸುಳ್ಳಾದರೆ ಇನ್ನೊಬ್ಬರು ಅವರನ್ನು ಸುತ್ತುಹಾಕಿ ದಾಟಬೇಕಾಗುತ್ತದೆ.

ಬೇಗ ಈಜಿ ಬೇಗ ಮನೆಗೆ ಹೋಗಲೆಂದು ನಿಧಾನದ ಸಮಯ ಬರೆಯುವವರೂ ಉಂಟು, ಏಕೆಂದರೆ ಸಾಮಾನ್ಯವಾಗಿ ನಿಧಾನದ ಹೀಟ್‌ಗಳೇ ಮೊದಲು. ಬಸ್ಸು ಹಿಡಿಯಬೇಕೆಂದು ಸಂಘಟಕರಿಗೆ ನೇರವಾಗಿ ಹೇಳಿದರೆ ಎಷ್ಟೋ ಸಲ ವ್ಯವಸ್ಥೆ ಆಗುತ್ತದೆ, ಕೇಳುವುದಕ್ಕೆ ಸಂಕೋಚ ಬೇಡ. ನಿಮ್ಮ ವಿಷಯದಲ್ಲಿ: ಅರ್ಜಿ ಈಗಲೇ ಕಳುಹಿಸಿ, ಇರುವ ಸಮಯವನ್ನೇ ಹಾಕಿ, ಅದು 25 ಮೀಟರ್ ಕೊಳದ ಅಭ್ಯಾಸದ ಸಮಯವೆಂದು ಪಕ್ಕದಲ್ಲಿ ಬರೆಯಿರಿ. ದೊಡ್ಡ ಕೊಳದಲ್ಲಿ ಈಜಿ ನೋಡಿದ ಮೇಲೆ ಅಂಕಿ ಬದಲಾದರೆ ಹೀಟ್ ಪಟ್ಟಿ ಅಂತಿಮವಾಗುವ ಮೊದಲು ಒಂದು ಸಂದೇಶ ಕಳುಹಿಸಿದರೆ ಸಾಕು. ಅಂತಿಮವಾದ ಮೇಲೆ ಕೇಳಿದರೆ ಎರಡು ಹೀಟ್‌ಗಳನ್ನು ಮುರಿದು ಕಟ್ಟಬೇಕಾಗುತ್ತದೆ, ಆಗ ಹೆಚ್ಚಿನವರು ಒಪ್ಪುವುದಿಲ್ಲ.