ಐದು ದಿನದ ರಜೆಗೆ ಪ್ಯಾರಿಸ್ ಬೇಕಾ? ಟಿಕೆಟ್ ಮಾಡುವವರನ್ನೇ ಕೇಳಿದೆವು

ಈ ವಾರದ ಪ್ರಶ್ನೋತ್ತರಕ್ಕೆ ಸಿಕ್ಕಿದವರು ಮಂಗಳೂರಿನ ಹಂಪನಕಟ್ಟೆಯಲ್ಲಿ ತುಂಬಾ ವರ್ಷಗಳಿಂದ ಟಿಕೆಟ್, ವೀಸಾ ಕೆಲಸ ಮಾಡುತ್ತಿರುವ ಟ್ರಾವೆಲ್ ಏಜೆಂಟ್. ವಿಷಯ ಒಂದೇ: ಮೂರು, ನಾಲ್ಕು, ಐದು ದಿನಕ್ಕೆ ಫಾರಿನ್‌ಗೆ ಹೋಗಿ ಬರುವುದು ಲಾಭವಾ, ನಷ್ಟವಾ? ಹೆಸರು ಬೇಡ ಅಂದವರೇ ಜಾಸ್ತಿ, ಹಾಗಾಗಿ ಕೇಳಿದವರ ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ (ಮಣಿಪಾಲ): ನಮಸ್ಕಾರ ಅಣ್ಣ. ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿರುವುದು ಜೂನ್‌ನಲ್ಲಿ, ಬುಧವಾರದಿಂದ ಭಾನುವಾರದವರೆಗೆ. ನನಗೆ ಮೊದಲಿಂದಲೂ ಪ್ಯಾರಿಸ್ ನೋಡುವ ಆಸೆ. ಟಿಕೆಟ್ ರೇಟೂ ಪರವಾಗಿಲ್ಲ ಅನ್ನುವ ಹಾಗೆ ಉಂಟು. ನಮ್ಮ ಅತ್ತೆ ಮಾತ್ರ "ಹೋಗಿ ಬರುವುದರಲ್ಲೇ ರಜೆ ಮುಗಿಯುತ್ತದೆ, ಸುಮ್ನೆ ದುಡ್ಡು ದಂಡ" ಅಂತಿದ್ದಾರೆ. ನೀವೇ ಹೇಳಿ.

ಉತ್ತರ: ನಿಮ್ಮ ಅತ್ತೆ ಮುಕ್ಕಾಲು ಪಾಲು ಸರಿ ಅಕ್ಕ. ದಿನದ ಲೆಕ್ಕ ಬಿಡಿ, ಗಂಟೆ ಲೆಕ್ಕ ಹಾಕುವ. ಐದು ದಿನ ಅಂದರೆ 120 ಗಂಟೆ. ಮಣಿಪಾಲದಿಂದ ಬಜ್ಪೆ ಏರ್‌ಪೋರ್ಟಿಗೆ ಒಂದೂವರೆ ಗಂಟೆ. ಅಲ್ಲಿ ಎರಡು ಗಂಟೆ ಮೊದಲು ಇರಬೇಕು. ಬೆಂಗಳೂರಿಗೆ ಒಂದು ಗಂಟೆ. ಅಲ್ಲಿ ಟರ್ಮಿನಲ್ ಬದಲಾಯಿಸುವುದು, ಇಮಿಗ್ರೇಷನ್, ಕಾಯುವುದು ಎಲ್ಲ ಸೇರಿ ಕಡಿಮೆ ಅಂದರೆ ನಾಲ್ಕು. ಬೆಂಗಳೂರಿನಿಂದ ನೇರ ವಿಮಾನವೇ ಸಿಕ್ಕಿದರೂ ಹನ್ನೊಂದು ಗಂಟೆ ಹತ್ತಿರ. ಇಳಿದು ಪೇಟೆ ಮುಟ್ಟುವಾಗ ಇನ್ನೆರಡು. ಹೋಗುವುದಕ್ಕೇ 21 ದಾಟಿತು. ಬರುವಾಗಲೂ ಹೆಚ್ಚು ಕಮ್ಮಿ ಅಷ್ಟೇ. 120ರಲ್ಲಿ 40 ದಾರಿಯಲ್ಲೇ ಹೋಯಿತು. ಮೂರು ರಾತ್ರಿಯ ನಿದ್ದೆ ತೆಗೆದರೆ ಕೈಯಲ್ಲಿ ಉಳಿಯುವುದು 55ರ ಆಸುಪಾಸು. ನಡುವೆ ಗಲ್ಫಿನಲ್ಲೋ ಡೆಲ್ಲಿಯಲ್ಲೋ ಇಳಿದು ಹತ್ತುವ ಟಿಕೆಟ್ ಆದರೆ ಇನ್ನೂ ಕಡಿಮೆ. ನಿಮಗೆ ಕಂಡ "ಪರವಾಗಿಲ್ಲ" ರೇಟು ಅಂಥದ್ದೇ ಇರಬೇಕು, ಒಮ್ಮೆ ನೋಡಿ.

55 ಗಂಟೆ ಕೇಳಲಿಕ್ಕೆ ಕೆಟ್ಟದೇನಲ್ಲ. ಆದರೆ ಆ 55ರಲ್ಲಿ ನೀವು ಎಷ್ಟು ಹೊತ್ತು ಸರಿಯಾಗಿ ಎಚ್ಚರ ಇರುತ್ತೀರಿ? ಜೂನ್‌ನಲ್ಲಿ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಹನ್ನೊಂದಕ್ಕೆ ಮಲಗುವ ಅಭ್ಯಾಸ ಇದ್ದರೆ ಅಲ್ಲಿ ಸಂಜೆ ಏಳೂವರೆಗೇ ಕಣ್ಣು ಎಳೆಯುತ್ತದೆ. ಅಲ್ಲಿ ತುಂಬಾ ಹೋಟೆಲ್‌ಗಳಲ್ಲಿ ರಾತ್ರಿ ಊಟ ಶುರುವಾಗುವುದೇ ಆ ಹೊತ್ತಿಗೆ! ಜೂನ್‌ನಲ್ಲಿ ಸೂರ್ಯ ಮುಳುಗುವಾಗ ಹತ್ತು ಗಂಟೆ ಹತ್ತಿರ. ಐಫೆಲ್ ಟವರಿನ ಮಿಣಮಿಣ ದೀಪ ನೋಡಬೇಕು ಅಂತ ಎಲ್ಲರಿಗೂ ಆಸೆ, ಅಲ್ವಾ? ಅದು ಬೆಳಗುವುದು ಕತ್ತಲಾದ ಮೇಲೆ, ಗಂಟೆಗೊಮ್ಮೆ ಐದು ನಿಮಿಷ. ಆಗ ನಮ್ಮ ಗಡಿಯಾರದಲ್ಲಿ ರಾತ್ರಿ ಎರಡರ ಮೇಲೆ ಆಗಿರುತ್ತದೆ. ಮೊದಲ ದಿನ ಅದನ್ನು ನೋಡದೆ ಮಲಗಿದವರೇ ಜಾಸ್ತಿ. ಮತ್ತೆ ಬೆಳಗಿನ ಜಾವ ಎರಡೂವರೆಗೆ ಎಚ್ಚರವಾಗಿ ಹೋಟೆಲ್ ರೂಮಿನಲ್ಲಿ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಕೂರುವುದು. ಮೈಗೆ ಹೊಸ ಟೈಮ್ ಹೊಂದಲು ದಿನಕ್ಕೆ ಸುಮಾರು ಒಂದು ಗಂಟೆಯ ಲೆಕ್ಕ. ನಿಮಗೆ ಅಲ್ಲಿನ ಟೈಮ್ ಹೊಂದುವಾಗ ವಾಪಸ್ ವಿಮಾನದ ಗೇಟ್‌ನಲ್ಲಿ ಇರುತ್ತೀರಿ.

ವೀಸಾದ್ದೂ ಹೇಳಿಬಿಡುತ್ತೇನೆ. ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಹೊರಡುವ ಕನಿಷ್ಠ 15 ದಿನ ಮೊದಲು ಅರ್ಜಿ ಹಾಕಬೇಕು. ಆರು ತಿಂಗಳು ಮೊದಲೇ ಹಾಕಬಹುದು, ಹಾಕುವುದೂ ಒಳ್ಳೆಯದು. ಒಬ್ಬರಿಗೆ 90 ಯೂರೋ ಫೀಸು, ಮೇಲೆ ಅರ್ಜಿ ತೆಗೆದುಕೊಳ್ಳುವ ಸೆಂಟರ್‌ನವರ ಚಾರ್ಜು. ಮೊದಲ ಸಲ ಆದರೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿ ಬರಬೇಕು. ಅದಕ್ಕೆ ಇನ್ನೊಂದು ರಜೆ. ಐದು ದಿನದ ಟ್ರಿಪ್ಪಿಗೆ ಆರನೆಯ ರಜೆ ಅಲ್ಲೇ ಖರ್ಚು.

ನನ್ನ ಅಭಿಪ್ರಾಯ ಕೇಳಿದರೆ, ಈ ಐದು ದಿನಕ್ಕೆ ಪ್ಯಾರಿಸ್ ಬೇಡ. ಟಿಕೆಟ್, ವೀಸಾ ಖರ್ಚು ಐದು ದಿನಕ್ಕೂ ಅಷ್ಟೇ, ಒಂಬತ್ತು ದಿನಕ್ಕೂ ಅಷ್ಟೇ. ಆ ಕಡೆ ಈ ಕಡೆ ಎರಡು ವೀಕೆಂಡ್ ಸೇರುವ ಹಾಗೆ ರಜೆ ಹೊಂದಿಸಿದರೆ ಸೋಮವಾರದಿಂದ ಶುಕ್ರವಾರದವರೆಗಿನ ಐದು ರಜೆಯಲ್ಲಿ ಒಂಬತ್ತು ದಿನ ಸಿಗುತ್ತದೆ. ಬುಧವಾರದಿಂದ ಶುರು ಮಾಡಿ ಯಾಕೆ ಕಳೆದುಕೊಳ್ಳುತ್ತೀರಿ?

ಅವರೇ ಮತ್ತೆ: ರಜೆ ಬದಲಾಯಿಸಲು ಆಗುವುದೇ ಇಲ್ಲ ಅಂದುಕೊಳ್ಳಿ. ಆದರೂ ಹೋಗಲೇಬೇಕು ಅಂದರೆ?

ಉತ್ತರ: ಹಟ ಹಿಡಿದರೆ ಒಂದು ದಾರಿ ಉಂಟು. ಅಲ್ಲಿಯ ಟೈಮಿಗೆ ಹೊಂದಲು ಒದ್ದಾಡಲೇಬೇಡಿ. ಮೂರು ದಿನವೂ ನಮ್ಮ ಟೈಮಿನ ಹತ್ತಿರವೇ ಇರಿ. ಬೇಗ ಮಲಗಿ, ಬೇಗ ಎದ್ದು ಬೇಗ ಹೊರಡಿ. ಜೂನ್‌ನಲ್ಲಿ ಆರಕ್ಕೆ ಮೊದಲೇ ಬೆಳಕಾಗುತ್ತದೆ. ಮಾಂಮಾರ್ತ್ ಗುಡ್ಡದ ಮೆಟ್ಟಿಲ ಮೇಲೆ ಆ ಹೊತ್ತಿಗೆ ಜನವೇ ಇರುವುದಿಲ್ಲ, ಇಡೀ ಪೇಟೆ ಕೆಳಗೆ ಕಾಣುತ್ತದೆ. ಏಳರ ಹೊತ್ತಿಗೆ ಬೇಕರಿಗಳು ತೆಗೆದಿರುತ್ತವೆ. ಲೂವ್ರ್ ಮ್ಯೂಸಿಯಂಗೆ ಬೆಳಿಗ್ಗೆ ಒಂಬತ್ತರ ಸ್ಲಾಟ್ ಮೊದಲೇ ಬುಕ್ ಮಾಡಿ. ಅದು ಮಂಗಳವಾರ ಬಂದ್, ಓರ್ಸೇ ಮ್ಯೂಸಿಯಂ ಸೋಮವಾರ ಬಂದ್, ನಿಮ್ಮ ದಿನಗಳಿಗೆ ಎರಡೂ ತೊಂದರೆ ಇಲ್ಲ. ದೊಡ್ಡ ಊಟ ಮಧ್ಯಾಹ್ನವೇ ಮುಗಿಸಿ. ಐಫೆಲ್ ದೀಪಕ್ಕೆ ಮಾತ್ರ ಕೊನೆಯ ದಿನ ಮಧ್ಯಾಹ್ನ ನಿದ್ದೆ ಮಾಡಿಕೊಂಡು ರಾತ್ರಿ ಹೋಗಿ. "ಹೇಗೂ ಬಂದಾಯಿತಲ್ಲ, ಸ್ವಿಟ್ಜರ್ಲೆಂಡ್ ಒಂದು ದಿನ ನೋಡಿ ಬರುವ" ಅಂತ ಗಂಡ ಹೇಳಿದರೆ ಖಂಡಿತ ಒಪ್ಪಬೇಡಿ.

ಪ್ರಶ್ನೆ (ಕಾಪು): ಅಷ್ಟೆಲ್ಲ ಕಷ್ಟ ಪಡುವ ಬದಲು ಚಿಕ್ಕಮಗಳೂರಿಗೆ ಹೋಗಬಾರದಾ ಮಾರಾಯ್ರೆ?

ಉತ್ತರ: ಹೋಗಬಹುದು. ವೀಕೆಂಡ್‌ನಲ್ಲಿ ಮುಳ್ಳಯ್ಯನಗಿರಿಯ ಟ್ರಾಫಿಕ್‌ನಲ್ಲಿ ಕೂತು ನೋಡಿ, ಆಮೇಲೆ ಪ್ಯಾರಿಸ್ ಹತ್ತಿರ ಅನ್ನಿಸಿದರೂ ಅನ್ನಿಸೀತು.

ಪ್ರಶ್ನೆ (ಸುರತ್ಕಲ್): ನಾವು ಫ್ರೆಂಡ್ಸ್ ಸೇರಿ ಥಾಯ್ಲೆಂಡ್‌ಗೆ ಹೊರಟಿದ್ದೇವೆ. ನಾಲ್ಕು ದಿನ. ಪ್ಯಾಕೇಜಿನವರು ಬ್ಯಾಂಕಾಕ್, ಪಟ್ಟಾಯ, ಫುಕೆಟ್ ಮೂರೂ ತೋರಿಸುತ್ತೇವೆ ಅಂತ ಹೇಳಿದ್ದಾರೆ. ವಿಮಾನ ಬೆಂಗಳೂರಿನಿಂದ ಮಧ್ಯರಾತ್ರಿ. ಸರಿ ಉಂಟಾ?

ಉತ್ತರ: ದೇಶ ಸರಿ ಉಂಟು, ಪ್ಲಾನ್ ಸರಿ ಇಲ್ಲ. ನಾಲ್ಕು ದಿನಕ್ಕೆ ಹೇಳಿ ಮಾಡಿಸಿದ ಜಾಗ ಅದು. ಬೆಂಗಳೂರಿನಿಂದ ನಾಲ್ಕು ಗಂಟೆಯ ಒಳಗೆ ಬ್ಯಾಂಕಾಕ್. ಟೈಮ್ ವ್ಯತ್ಯಾಸ ಬರೀ ಒಂದೂವರೆ ಗಂಟೆ, ಮೈಗೆ ಗೊತ್ತೇ ಆಗುವುದಿಲ್ಲ. ಕೌಲಾಲಂಪುರ, ಸಿಂಗಾಪುರಕ್ಕೂ ಇದೇ ಮಾತು, ಎರಡೂವರೆ ಗಂಟೆ ವ್ಯತ್ಯಾಸ. ಕೊಲಂಬೊಗೆ ಅದೂ ಇಲ್ಲ, ನಮ್ಮದೇ ಟೈಮು.

ತೊಂದರೆ ಇರುವುದು ಆ ಮಧ್ಯರಾತ್ರಿಯ ವಿಮಾನದಲ್ಲಿ. ನಾಲ್ಕು ಗಂಟೆಯಲ್ಲಿ ಊಟ ಕೊಟ್ಟು, ಲೈಟ್ ಆರಿಸಿ, ಮತ್ತೆ ಹಾಕುವಷ್ಟರಲ್ಲಿ ಎರಡು ಗಂಟೆ ನಿದ್ದೆಯೂ ಸಿಗುವುದಿಲ್ಲ. ಬೆಳಿಗ್ಗೆ ಇಳಿಯುತ್ತೀರಿ. ಹೋಟೆಲ್ ಚೆಕ್-ಇನ್ ಮಧ್ಯಾಹ್ನ ಎರಡಕ್ಕೆ. ಬ್ಯಾಗ್ ರಿಸೆಪ್ಷನ್‌ನಲ್ಲಿ ಇಟ್ಟು, ಹಲ್ಲುಜ್ಜಲೂ ಜಾಗ ಇಲ್ಲದೆ, ಆ ಸೆಕೆಯಲ್ಲಿ ದೇವಸ್ಥಾನ ಸುತ್ತಲು ಹೊರಟರೆ ಮೊದಲ ದಿನ ಅಲ್ಲಿಗೇ ಹೋಯಿತು. ಒಂದೋ ಹಗಲು ವಿಮಾನ ನೋಡಿ. ಇಲ್ಲವೇ ಹಿಂದಿನ ರಾತ್ರಿಗೂ ಸೇರಿಸಿ ರೂಮ್ ಬುಕ್ ಮಾಡಿ, ಬೆಳಿಗ್ಗೆ ಹೋದ ಕೂಡಲೇ ಸ್ನಾನ ಮಾಡಿ ಮಲಗಬಹುದು. ಬೆಳಿಗ್ಗೆ ಬರುತ್ತೇವೆ ಅಂತ ಹೋಟೆಲ್‌ಗೆ ಬರೆದು ತಿಳಿಸಿ, ಇಲ್ಲದಿದ್ದರೆ ಬರಲಿಲ್ಲ ಅಂತ ಬುಕಿಂಗ್ ಕ್ಯಾನ್ಸಲ್ ಮಾಡಿಯಾರು. ಒಂದು ರಾತ್ರಿಯ ಬಾಡಿಗೆ ದಂಡ ಅನ್ನಿಸುತ್ತದೆ, ಆದರೆ ನಾಲ್ಕರಲ್ಲಿ ಒಂದು ದಿನ ಉಳಿಯುತ್ತದೆ.

ಮೂರು ಊರು ಬೇಡ. ಬ್ಯಾಂಕಾಕ್ ಮತ್ತು ಪಟ್ಟಾಯ ಮಾಡಿ, ಅಥವಾ ಫುಕೆಟ್ ಒಂದೇ ಮಾಡಿ. ಹೊರಡುವ ಮೊದಲು ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡ್ ತುಂಬಿ. 2025ರ ಮೇಯಿಂದ ಅದು ಕಡ್ಡಾಯ, ಸರ್ಕಾರಿ ವೆಬ್‌ಸೈಟಿನಲ್ಲಿ ಫ್ರೀ. ದುಡ್ಡು ಕೇಳುವ ಸೈಟ್ ಬಂದರೆ ಅದು ಬೇರೆಯವರದ್ದು ಅಂತ ತಿಳಿಯಿರಿ.

ಪ್ರಶ್ನೆ (ಬಜ್ಪೆ): ನನ್ನ ತಮ್ಮ ದೋಹಾದಲ್ಲಿದ್ದಾನೆ, ಭಾವ ದುಬೈಯಲ್ಲಿ. ಶುಕ್ರವಾರ ಸಂಜೆ ಹೊರಟು ಸೋಮವಾರ ಬೆಳಿಗ್ಗೆ ವಾಪಸ್ ಬರುವ ಹಾಗೆ ಹೋಗಿ ಬರಬಹುದಾ? ಇಬ್ಬರಲ್ಲಿ ಯಾರ ಹತ್ತಿರ ಹೋಗುವುದು ಒಳ್ಳೆಯದು?

ಉತ್ತರ: ಬಜ್ಪೆಯವರಿಗೆ ದುಬೈ ಬೆಂಗಳೂರಿಗಿಂತ ಸುಲಭ ಅಣ್ಣ! ಮನೆಯಿಂದ ಏರ್‌ಪೋರ್ಟಿಗೆ ಹತ್ತು ನಿಮಿಷ, ನೇರ ವಿಮಾನದಲ್ಲಿ ನಾಲ್ಕು ಗಂಟೆ, ಟೈಮ್ ಒಂದೂವರೆ ಗಂಟೆ ಹಿಂದೆ. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿನ ಮೆಜೆಸ್ಟಿಕ್ ಮುಟ್ಟುವವನಿಗಿಂತ ಬೇಗ ನೀವು ಭಾವನ ಮನೆಯಲ್ಲಿ ಚಾ ಕುಡಿಯುತ್ತಿರುತ್ತೀರಿ. ಗಲ್ಫಿಗೆ ಎರಡು ರಾತ್ರಿಗೆ ಹೋಗಿ ಬರುವುದನ್ನು ನಾನು ಯಾವತ್ತೂ ಬೇಡ ಅನ್ನುವುದಿಲ್ಲ.

ಒಂದು ವಿಷಯ ಮಾತ್ರ ನೋಡಿ. ಹೋಗುವುದು ಮನೆಯವರನ್ನು ನೋಡಲು, ಅಲ್ವಾ? ಹಾಗಾದರೆ ಅವರಿಗೆ ಯಾವಾಗ ರಜೆ ಅಂತ ಕೇಳಿ. ಯುಎಇಯಲ್ಲಿ 2022ರಿಂದ ಸರ್ಕಾರಿ ಆಫೀಸುಗಳಿಗೆ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ತುಂಬಾ ಕಂಪನಿಗಳೂ ಅದನ್ನೇ ಅನುಸರಿಸುತ್ತವೆ. ಕತಾರ್, ಕುವೈತ್, ಸೌದಿಯಲ್ಲಿ ಈಗಲೂ ಶುಕ್ರವಾರ, ಶನಿವಾರವೇ ವಾರದ ರಜೆ. ನೀವು ಭಾನುವಾರ ದೋಹಾದಲ್ಲಿ ಕೂತರೆ ತಮ್ಮ ಡ್ಯೂಟಿಯಲ್ಲಿರುತ್ತಾನೆ, ನೀವು ಫ್ಲ್ಯಾಟಿನಲ್ಲಿ ಒಬ್ಬರೇ ಟಿವಿ ನೋಡಬೇಕು. ಈ ಸಲಕ್ಕೆ ಭಾವನೇ ಸರಿ. ತಮ್ಮನಲ್ಲಿಗೆ ಹೋಗುವುದಾದರೆ ಗುರುವಾರ ಸಂಜೆ ಹೊರಡಿ. ಜುಲೈ, ಆಗಸ್ಟ್ ಬಿಟ್ಟುಬಿಡಿ, ಹಗಲು 40 ಡಿಗ್ರಿಯ ಮೇಲೆ ಇರುತ್ತದೆ. ಮಾಲ್‌ನಿಂದ ಕಾರಿಗೆ, ಕಾರಿನಿಂದ ಮಾಲ್‌ಗೆ ಅಷ್ಟೇ.

ಪ್ರಶ್ನೆ (ಕುಂದಾಪುರ): ಅಣ್ಣನ ಮಗಳ ಮದುವೆ ಅಮೆರಿಕದ ನ್ಯೂಜೆರ್ಸಿಯಲ್ಲಿ. ವೀಸಾ ಎಲ್ಲ ಆಗಿದೆ. ನನಗೆ ಸಿಗುವುದು ಆರು ದಿನ ರಜೆ. ಅಮ್ಮನಿಗೆ 74 ವರ್ಷ, ಮೊಮ್ಮಗಳ ಮದುವೆಗೆ ಬರುತ್ತೇನೆ ಅಂತಾರೆ. ಆರು ದಿನಕ್ಕೆ ಅವರನ್ನು ಕರೆದುಕೊಂಡು ಹೋಗಿ ಬರಬಹುದಾ?

ಉತ್ತರ: ನೀವು ಹೋಗಿ ಬನ್ನಿ. ಮದುವೆಗೆ ಹೋಗುವುದು ಲಾಭ ನಷ್ಟ ನೋಡಿ ಅಲ್ಲ. ಅಲ್ಲಿ ಬೇಸಿಗೆಯಾದರೆ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲ ಆದರೆ ಹತ್ತೂವರೆ. ಹಗಲು ರಾತ್ರಿ ಅದಲು ಬದಲು. ಆರು ದಿನದಲ್ಲಿ ಎರಡು ದಿನ ದಾರಿಗೇ ಬೇಕು. ಮುಹೂರ್ತಕ್ಕೆ ಕನಿಷ್ಠ ಎರಡು ದಿನ ಮೊದಲು ಮುಟ್ಟುವ ಹಾಗೆ ಟಿಕೆಟ್ ಮಾಡಿ. ಹಗಲು ಬಿಸಿಲಲ್ಲಿ ಓಡಾಡಿ, ಮೈಯ ಗಡಿಯಾರ ಬೆಳಕು ನೋಡಿಯೇ ತಿರುಗುವುದು. ವಾಪಸ್ ಬರುವುದು ಪೂರ್ವಕ್ಕೆ, ಅದು ಹೋಗುವುದಕ್ಕಿಂತ ಕಷ್ಟ. ಬಂದ ಮರುದಿನವೇ ಆಫೀಸಿನಲ್ಲಿ ಮುಖ್ಯ ಮೀಟಿಂಗ್ ಇಟ್ಟುಕೊಳ್ಳಬೇಡಿ.

ಅಮ್ಮನನ್ನು ಆರು ದಿನಕ್ಕೆ ಕರೆದುಕೊಂಡು ಹೋಗಿ ಬರುವುದು ನನಗೆ ಸರಿ ಕಾಣುವುದಿಲ್ಲ. ಮನೆಯಿಂದ ಮನೆಗೆ ಒಂದು ದಿನಕ್ಕೂ ಜಾಸ್ತಿ ಕೂತುಕೊಂಡೇ ಇರಬೇಕು, ಐದನೇ ದಿನ ಮತ್ತೆ ಅದೇ. ತುಂಬಾ ಹೊತ್ತು ಕಾಲು ಮಡಚಿ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಉಂಟು, ವಯಸ್ಸಾದವರಿಗೆ ಇನ್ನೂ ಜಾಸ್ತಿ. ಅವರು ಬರಲೇಬೇಕು ಅಂದರೆ ನಿಮ್ಮ ಜೊತೆ ಹೋಗಲಿ, ಆದರೆ ಅಣ್ಣನ ಮನೆಯಲ್ಲಿ ಒಂದೆರಡು ತಿಂಗಳು ನಿಂತು, ಆ ಕಡೆಯಿಂದ ಯಾರಾದರೂ ಬರುವಾಗ ಬರಲಿ. ಆಗ ಅದೇ ಟಿಕೆಟ್ಟಿಗೆ ಬೆಲೆ ಬರುತ್ತದೆ. ಮೊದಲು ಡಾಕ್ಟರಿಗೆ ತೋರಿಸಿ. ಬಿಗಿ ಸಾಕ್ಸ್ ಬೇಕಾ, ಯಾವ ಮಾತ್ರೆ ಯಾವ ಟೈಮಿಗೆ ಎಲ್ಲ ಅವರೇ ಬರೆದು ಕೊಡಲಿ. ವೀಲ್‌ಚೇರ್ ಟಿಕೆಟ್ ಮಾಡುವಾಗಲೇ ಹೇಳಿ, ಏರ್‌ಪೋರ್ಟಿನಲ್ಲಿ ಹೋಗಿ ಕೇಳಬೇಡಿ. ಅಮ್ಮ "ನನಗೆ ನಡೆಯಲಿಕ್ಕೆ ಆಗ್ತದೆ" ಅನ್ನುತ್ತಾರೆ, ನೀವು ಸುಮ್ನೆ ಬುಕ್ ಮಾಡಿ. ಇಮಿಗ್ರೇಷನ್ ಸಾಲಿನ ಉದ್ದ ಅವರಿಗೆ ಗೊತ್ತಿಲ್ಲ.

ಪ್ರಶ್ನೆ (ಕದ್ರಿ): ನಿದ್ದೆಗೆ ಮೆಲಟೋನಿನ್ ಮಾತ್ರೆ ತಗೊಂಡರೆ ಜೆಟ್ ಲ್ಯಾಗ್ (ಟೈಮ್ ಬದಲಾದಾಗಿನ ಸುಸ್ತು) ಆಗುವುದಿಲ್ಲವಂತೆ, ಹೌದಾ?

ಉತ್ತರ: ಸ್ವಲ್ಪ ಸಹಾಯ ಆಗುವುದು ಹೌದು, ಪೂರ್ತಿ ಹೋಗುವುದಿಲ್ಲ. ಯಾವ ಹೊತ್ತಿಗೆ ತೆಗೆದುಕೊಳ್ಳುತ್ತೀರಿ ಅನ್ನುವುದರ ಮೇಲೆ ಉಂಟು, ತಪ್ಪು ಹೊತ್ತಿಗೆ ತೆಗೆದುಕೊಂಡರೆ ಉಲ್ಟಾ ಆಗಬಹುದು. ಮುಂದಿನದ್ದು ಡಾಕ್ಟರ ಕೆಲಸ, ನನ್ನದಲ್ಲ.

ಪ್ರಶ್ನೆ (ಉಡುಪಿ): ಜುಲೈಯಲ್ಲಿ ಬಾಲಿಗೆ ಹೋಗುವ ಪ್ಲಾನ್. ಮಂಗಳೂರು-ಬೆಂಗಳೂರು ಒಂದು ಕಂಪನಿಯ ಟಿಕೆಟ್, ಬೆಂಗಳೂರು-ಬಾಲಿ ಇನ್ನೊಂದರದ್ದು. ಬೇರೆ ಬೇರೆ ಮಾಡಿದರೆ ಕಡಿಮೆ ಆಗುತ್ತದೆ. ನಡುವೆ ಮೂರು ಗಂಟೆ ಉಂಟು. ಸಾಕಲ್ವಾ?

ಉತ್ತರ: ಜನವರಿಯಲ್ಲಿ ಕೇಳಿದ್ದರೆ ನೋಡುವ ಅನ್ನುತ್ತಿದ್ದೆ. ಜುಲೈಯಲ್ಲಿ ಬೇಡವೇ ಬೇಡ. ನಮ್ಮ ರನ್‌ವೇ ಗುಡ್ಡದ ತಲೆಯ ಮೇಲೆ ಇರುವುದು. ಮಳೆ ಮೋಡ ಕೆಳಗಿಳಿದರೆ ಬರಬೇಕಾದ ವಿಮಾನ ಇಳಿಯಲಾಗದೆ ಬೇರೆ ಕಡೆ ಹೋಗುತ್ತದೆ. ಅದು ಬಂದರಲ್ಲವಾ ನೀವು ಹೊರಡುವುದು? ಎರಡು ಪಿಎನ್‌ಆರ್ ಇದ್ದರೆ ಬಾಲಿಯ ಕಂಪನಿಗೆ ನಿಮ್ಮ ಮಂಗಳೂರಿನ ಮಳೆ ಸಂಬಂಧ ಇಲ್ಲ. ಕೌಂಟರ್ ಮುಚ್ಚಿದರೆ "ನೋ ಶೋ", ಅಂದರೆ ಬರಲಿಲ್ಲ ಅಂತ ಬರೆಯುತ್ತಾರೆ, ಎಷ್ಟೋ ಸಲ ವಾಪಸ್ ಟಿಕೆಟ್ಟೂ ಅದರ ಜೊತೆ ಹೋಗುತ್ತದೆ. ಒಂದೇ ಪಿಎನ್‌ಆರ್ ಆದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಅವರ ಜವಾಬ್ದಾರಿ, ಬ್ಯಾಗೂ ನೇರ ಬಾಲಿಗೇ ಹೋಗುತ್ತದೆ. ವಾಪಸ್ ಬರುವಾಗ ಮಾತ್ರ ಸಾಮಾನ್ಯವಾಗಿ ಬೆಂಗಳೂರಿನಲ್ಲೇ ಬ್ಯಾಗ್ ತೆಗೆದು ಕಸ್ಟಮ್ಸ್ ಮುಗಿಸಿ ಮತ್ತೆ ಕೊಡಬೇಕು.

ಬೇರೆ ಬೇರೆ ಟಿಕೆಟೇ ಬೇಕು ಅಂದರೆ ಹಿಂದಿನ ದಿನವೇ ಬೆಂಗಳೂರು ಸೇರಿ. ಘಾಟಿಯನ್ನು ನಂಬಿ ರಾತ್ರಿ ಬಸ್ಸಿಗೆ ಹತ್ತುವುದಾದರೂ ಹಾಗೆಯೇ, ವಿಮಾನದ ದಿನ ಬೆಳಿಗ್ಗೆ ಇಳಿಯುವ ಬಸ್ಸು ಬೇಡ. ಮಣ್ಣು ಜರಿದು ಶಿರಾಡಿ ಬಂದ್ ಆದರೆ ಎಲ್ಲರೂ ಚಾರ್ಮಾಡಿಗೆ ತಿರುಗುತ್ತಾರೆ, ಅಲ್ಲಿಯ ಕಥೆ ನಿಮಗೇ ಗೊತ್ತು. ಎಷ್ಟು ದಿನದ ಟ್ರಿಪ್ ಅಂತ ನೀವು ಬರೆದಿಲ್ಲ. ನಾಲ್ಕು ದಿನದ್ದಾದರೆ ಹಿಂದಿನ ದಿನದ ಬೆಂಗಳೂರನ್ನೂ ಸೇರಿಸಿ ಐದು ರಜೆ ಹಾಕಿ, ಮತ್ತೆ ರೇಟು ಕಳಿಸುತ್ತೇನೆ. ಪಾಸ್‌ಪೋರ್ಟ್ ಮುಗಿಯಲು ಆರು ತಿಂಗಳಿಗಿಂತ ಜಾಸ್ತಿ ಉಂಟಾ ಅಂತ ಈಗಲೇ ತೆಗೆದು ನೋಡಿ.