ಬೇರಿಗೆ ಒಳ್ಳೆಯ ಶಿಲೀಂಧ್ರ ಯಾವುದು ಅಂತ ಗೊತ್ತಾಗೋದು ಹೇಗೆ?

ಹಸಿರೆಲೆ:
ಗಿಡದ ಜೊತೆ ಕೊಟ್ಟು ತೆಗೆದುಕೊಂಡು ಬದುಕುವ ಮೈಕೊರೈಜಾ ಶಿಲೀಂಧ್ರ ಬೇರಿನ ಜೀವಕೋಶದೊಳಗೇ ಹೋಗಿ ಕೂರುತ್ತದೆ. ರೋಗ ತರುವ ಶಿಲೀಂಧ್ರ ಬಂದರೆ ಅದೇ ಬೇರು ತಿರುಗಿಬೀಳುತ್ತದೆ. ಎರಡರ ಗೋಡೆಯಲ್ಲೂ ಇರೋದು ಕೈಟಿನ್ ಅನ್ನುವ ಸಕ್ಕರೆ ಸರಪಳಿಯೇ ಅಲ್ವಾ? ಮತ್ತೆ ಬಂದವರು ಯಾರು ಅಂತ ಗಿಡ ಕಂಡುಹಿಡಿಯೋದು ಹೇಗೆ?

ಮಣ್ಣಿನಮಗ:
ಮೊದಲು ಕರೆಯೋದು ಗಿಡವೇ. ರಂಜಕ (ಫಾಸ್ಫರಸ್) ಸಾಲದೆ ಬಂದಾಗ ಬೇರು ಸ್ಟ್ರೈಗೋಲ್ಯಾಕ್ಟೋನ್ ಅನ್ನುವ ಹಾರ್ಮೋನನ್ನು ಮಣ್ಣಿಗೆ ಬಿಡುತ್ತದೆ. ಅದು ತಾಗಿದರೆ ಶಿಲೀಂಧ್ರದ ಎಳೆ ಒಂದೇ ಸಮನೆ ಕವಲೊಡೆಯುತ್ತದೆ, ಇದನ್ನು 2005ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಇದರಲ್ಲಿ ಅಪಾಯವೂ ಇದೆ. ಸ್ಟ್ರೈಗಾ ಅನ್ನುವ ಪರಾವಲಂಬಿ ಕಳೆಯ ಬೀಜ ಮೊಳೆಯೋದೂ ಇದೇ ಅಣುವಿನ ಸುಳಿವು ಹಿಡಿದು.

ಎಳೆಬೇರು:
ಕೈಟಿನ್ ಒಂದೇ, ಆದರೆ ತುಂಡಿನ ಉದ್ದ ಬೇರೆ. ಎಂಟು ಸಕ್ಕರೆ ಘಟಕಗಳ ತುಂಡು ಮುಖ್ಯವಾಗಿ ರಕ್ಷಣೆಯನ್ನು ಎಬ್ಬಿಸುತ್ತದೆ. ನಾಲ್ಕೈದು ಘಟಕಗಳ ಚಿಕ್ಕ ತುಂಡು ಸಿಕ್ಕಿದರೆ ಬೇರಿನ ಕೋಶಕೇಂದ್ರದಲ್ಲಿ ಕ್ಯಾಲ್ಸಿಯಂ ಮಟ್ಟ ಏರಿಳಿಯೋಕೆ ಶುರುವಾಗುತ್ತದೆ, ಆ ಏರಿಳಿತವನ್ನು ಸಿಸಿಎಎಂಕೆ ಅನ್ನುವ ಪ್ರೊಟೀನ್ ಓದಿಕೊಂಡು ಶಿಲೀಂಧ್ರವನ್ನು ಒಳಗೆ ಬಿಡಲು ಬೇಕಾದ ಜೀನ್‌ಗಳನ್ನು ಚಾಲೂ ಮಾಡಿಸುತ್ತದೆ. ನನಗೆ ತುಂಬಾ ಇಷ್ಟವಾದ ವಿಷಯ ಏನಂದ್ರೆ, ಭತ್ತದಲ್ಲಿ ಎರಡು ಕೆಲಸಕ್ಕೂ ಸಿಇಆರ್‌ಕೆ1 ಅನ್ನುವ ಒಂದೇ ರಿಸೆಪ್ಟರ್ (ಸುಳಿವು ಹಿಡಿಯುವ ಪ್ರೊಟೀನ್) ಬೇಕು. ಜೊತೆಗಾರ ಸಿಇಬಿಐಪಿ ಆದರೆ ಜಗಳ, ಎಂವೈಆರ್1 ಆದರೆ ಸ್ನೇಹ. ಶಿಲೀಂಧ್ರವೂ ಸುಮ್ನೆ ಕೂರುವುದಿಲ್ಲ, ಎಸ್‌ಪಿ7 ಅನ್ನುವ ಪ್ರೊಟೀನನ್ನು ಗಿಡದ ಕೋಶಕೇಂದ್ರಕ್ಕೆ ಕಳಿಸಿ ರಕ್ಷಣೆಯನ್ನು ತಗ್ಗಿಸುತ್ತದೆ.

ಬಿಳಿನೂಲು:
ಇದೆಲ್ಲ ಬಾಗಿಲಲ್ಲಿ ನಡೆಯುವ ತಪಾಸಣೆ. ಒಳಗೆ ಬಂದ ಮೇಲೂ ಪರೀಕ್ಷೆ ಮುಗಿಯುವುದಿಲ್ಲ, ನನ್ನ ಪ್ರಕಾರ ಅದೇ ದೊಡ್ಡದು. ಕೋಶದೊಳಗೆ ಶಿಲೀಂಧ್ರ ಕವಲು ಕವಲಾಗಿ ಆರ್ಬಸ್ಕ್ಯೂಲ್ ಕಟ್ಟುತ್ತದೆ. ಅದರ ಸುತ್ತ ಗಿಡದ್ದೇ ಪೊರೆ ಇರುತ್ತದೆ. ಆ ಪೊರೆಯಲ್ಲಿ ಪಿಟಿ4 ಅನ್ನುವ ಸಾಗಣೆ ಪ್ರೊಟೀನ್ ಕೂತು ಫಾಸ್ಫೇಟನ್ನು, ಅಂದರೆ ಗಿಡ ಹೀರುವ ರೂಪದ ರಂಜಕವನ್ನು, ಒಳಗೆ ಎಳೆದುಕೊಳ್ಳುತ್ತದೆ. ಮೆಡಿಕಾಗೊ ಅನ್ನುವ ಬಟಾಣಿ ಕುಟುಂಬದ ಗಿಡದಲ್ಲಿ ಪಿಟಿ4 ಕೆಡಿಸಿದರೆ ಆರ್ಬಸ್ಕ್ಯೂಲ್ ಅವಧಿಗೆ ಮೊದಲೇ ಸಾಯುತ್ತದೆ. ಅಂದರೆ ಫಾಸ್ಫೇಟ್ ಬಂದು ಸೇರದಿದ್ದರೆ ಜಾಗವೂ ಇಲ್ಲ. ಫಾಸ್ಫೇಟಿಗೆ ಪ್ರತಿಯಾಗಿ ಗಿಡ ಸಕ್ಕರೆಯ ಜೊತೆ ಕೊಬ್ಬನ್ನೂ ಕೊಡುತ್ತದೆ, ಯಾಕಂದ್ರೆ ಈ ಶಿಲೀಂಧ್ರಕ್ಕೆ ಕೊಬ್ಬಿನಾಮ್ಲವನ್ನು ಮೊದಲಿಂದ ಕಟ್ಟುವ ಜೀನ್‌ಗಳೇ ಇಲ್ಲ. ಕೊಬ್ಬು ಗಿಡದಿಂದಲೇ ಹೋಗುತ್ತದೆ ಅಂತ 2017ರಲ್ಲಿ ಖಚಿತವಾಯಿತು.

ಹಸಿರೆಲೆ:
ಹಾಗಾದ್ರೆ ಮಣ್ಣಲ್ಲಿ ರಂಜಕ ಜಾಸ್ತಿ ಇದ್ದರೆ?

ಬಿಳಿನೂಲು:
ಗಿಡ ಕರೆಯೋದನ್ನೇ ಕಡಿಮೆ ಮಾಡುತ್ತದೆ. ಭತ್ತದಲ್ಲಿ ಪಿಎಚ್‌ಆರ್2 ಅನ್ನುವ ಪ್ರೊಟೀನ್ ಈ ಸ್ನೇಹದ ಜೀನ್‌ಗಳನ್ನು ಎಬ್ಬಿಸುತ್ತದೆ, ಫಾಸ್ಫೇಟ್ ತುಂಬಿದ್ದಾಗ ಎಸ್‌ಪಿಎಕ್ಸ್ ಪ್ರೊಟೀನ್‌ಗಳು ಅದನ್ನು ಹಿಡಿದು ಕೂರಿಸುತ್ತವೆ. ಸ್ಟ್ರೈಗೋಲ್ಯಾಕ್ಟೋನ್ ಕೂಡ ಇಳಿಯುತ್ತದೆ. ಶಿಲೀಂಧ್ರ ಪಕ್ಕದಲ್ಲೇ ಇದ್ದರೂ ಬೇರಿಗೆ ಹತ್ತುವುದು ತೀರಾ ಕಡಿಮೆ.