ಟೊಮಿಕಾ ಬಸ್ಸೂ ಕಾರೂ ಒಂದೇ ಉದ್ದ ಯಾಕೆ?

ಅತ್ತಿಗೆ, ಬೆಳಿಗ್ಗೆ ನೀವು ಹಾಕಿದ ಫೋಟೊ ನೋಡಿದೆ. ನಿಮ್ಮ ತಮ್ಮ ಟೋಕಿಯೊದಿಂದ ಪುಟ್ಟನಿಗೆ ತಂದ ಟೊಮಿಕಾ ಅನ್ನುವ ಜಪಾನಿನ ಆಟಿಕೆ ಗಾಡಿಗಳು, ಒಂದು ಸಿಟಿ ಬಸ್ಸು, ಒಂದು ಪುಟಾಣಿ ಕಾರು. ಎರಡೂ ಒಂದೇ ಉದ್ದ ಇವೆ, ಡೂಪ್ಲಿಕೇಟ್ ಇರಬಹುದಾ ಅಂತ ಕೇಳಿದ್ದೀರಿ. ಟೈಪ್ ಮಾಡುತ್ತಾ ಕೂತರೆ ಮುಗಿಯಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ.

ಹೆದರಬೇಡಿ, ಒರಿಜಿನಲ್ ಕೂಡ ಹಾಗೇ ಇರುತ್ತದೆ. ಟೊಮಿಕಾದಲ್ಲಿ ಅಳತೆ ನಿರ್ಧಾರ ಮಾಡುವುದು ಡಬ್ಬಿ. ಆ ಕೆಂಪು ಬಿಳಿ ರಟ್ಟಿನ ಡಬ್ಬಿ ಇದೆಯಲ್ಲ, ಮಾಮೂಲಿ ಗಾಡಿಗಳೆಲ್ಲ ಅದರೊಳಗೇ ಕೂರಬೇಕು. ಹಾಗಾಗಿ ಬಸ್ಸನ್ನು ಜಾಸ್ತಿ ಕುಗ್ಗಿಸುತ್ತಾರೆ, ಸಣ್ಣ ಕಾರನ್ನು ಕಡಿಮೆ. ಬೇಕಾದರೆ ಮಗುಚಿ ತಳ ನೋಡಿ. ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಳ್ಳಿ. ನಿಜವಾದ ಗಾಡಿಯ ಎಷ್ಟನೇ ಒಂದು ಪಾಲು ಅಂತ ಅಲ್ಲೇ ಇರುತ್ತದೆ. ಪುಟ್ಟ ಕಾರಿಗೆ 1/50ರ ಆಚೀಚೆ, ಬಸ್ಸಿಗೆ ಕೆಳಗಿನ ಅಂಕಿ 100 ದಾಟಿರುತ್ತದೆ.

ಹಾಗೇ ಕಾರಿನ ತಲೆ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿ. ಕೆಳಗಿಳಿದು ಮತ್ತೆ ಮೇಲೇಳುತ್ತೆ, ಅಲ್ವಾ? ಅಷ್ಟು ಸಣ್ಣ ಗಾಡಿಗೂ ಸಸ್ಪೆನ್ಷನ್! ನನಗಂತೂ ಇದೇ ಇಷ್ಟ.

ಇದು ಶುರುವಾಗಿದ್ದು 1970ರಲ್ಲಿ. ಆಗ ಜಪಾನಿನ ಅಂಗಡಿಗಳಲ್ಲಿ ಈ ತರಹದ ಲೋಹದ ಕಾರು ಅಂದರೆ ಹೆಚ್ಚಾಗಿ ಹೊರದೇಶದ್ದೇ. ನಮ್ಮ ರಸ್ತೆಯಲ್ಲಿ ಓಡುವ ಕಾರು ನಮ್ಮ ಮಕ್ಕಳ ಕೈಗೆ ಬರಲಿ ಅಂತ ಟೋಮಿ ಕಂಪನಿಯವರು 6 ಮಾಡೆಲ್ ತಂದರು. ಬ್ಲೂಬರ್ಡ್, ಕೊರೋನಾ ಮಾರ್ಕ್ 2, ಕ್ರೌನ್, ಕ್ರೌನ್‌ನದೇ ಪೊಲೀಸ್ ಕಾರು, ಟೊಯೋಟಾ 2000 ಜಿಟಿ, ಫೇರ್‌ಲೇಡಿ ಜೆಡ್. ಒಂದಕ್ಕೆ 180 ಯೆನ್. ಟಕಾರಾ ಕಂಪನಿ ಜೊತೆ ಸೇರಿದ್ದು 2006ರಲ್ಲಿ, ಡಬ್ಬಿ ಮೇಲೆ ಎರಡೂ ಹೆಸರು ಇರುವುದು ಅದಕ್ಕೇ.

ಡಬ್ಬಿ ಮೇಲಿನ ನಂಬರ್ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಮಾಮೂಲಿ ಸಾಲಿನಲ್ಲಿ 1ರಿಂದ 120ರವರೆಗೆ ನಂಬರ್. ತಿಂಗಳ ಮೂರನೇ ಶನಿವಾರ ಹೊಸದು ಬರುತ್ತದೆ, ಹಳೆಯದು ಜಾಗ ಬಿಡುತ್ತದೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಅದೇ ನಂಬರಿಗೆ ಬೇರೆ ಗಾಡಿ ಸಿಗಬಹುದು, ಅದೂ ಮೋಸ ಅಲ್ಲ.

ಎಲ್ಲಾ ಒಂದೇ ಅಳತೆಯಲ್ಲಿ ಬೇಕು ಅನ್ನುವವರಿಗೆ ಲಿಮಿಟೆಡ್ ವಿಂಟೇಜ್ ಅಂತ 1/64ರ ಸಾಲು ಬೇರೆ ಇದೆ. ದುಬಾರಿ, ದೊಡ್ಡವರ ಶೋಕಿ. ಅಣ್ಣ ಇದನ್ನೂ ಶೋಕೇಸ್‌ನಲ್ಲಿ ಇಡಿ ಅಂದಿದ್ದಾನೆ, ಕೇಳಬೇಡಿ. ಪುಟ್ಟ ಆಡಲಿ, ಬಣ್ಣ ಹೋದರೆ ಹೋಗಲಿ. ಆದರೆ ಇದು 3 ವರ್ಷ ಆದವರಿಗೆ ಮಾತ್ರ. ಚಿಕ್ಕವಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾಳೆ.